ಮೀನಿಗೂ ಸೊಪ್ಪಿಗೂ ಜಗಳ ಹಚ್ಚಬೇಡಿ

ಪ್ರಶ್ನೆ: ನಾನು ಶಿರಸಿ ಕಡೆಯವಳು. ಮದುವೆಯಾಗಿ ಕಾರವಾರಕ್ಕೆ ಬಂದು 11 ವರ್ಷಗಳಾದವು. ತವರಿನಲ್ಲಿ ಮೀನು ವಾರಕ್ಕೊಮ್ಮೆ, ತಂಬುಳಿ ಮತ್ತು ಪಲ್ಯ ದಿನವೂ ಇರುತ್ತಿದ್ದವು. ಇಲ್ಲಿ ಎರಡು ಹೊತ್ತೂ ಅನ್ನ, ಮೀನಿನ ಸಾರು, ಹುರಿದ ಮೀನು. ಕಳೆದ ವರ್ಷ ಪತಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅನ್ನ ಕಡಿಮೆ ಮಾಡಿ ತರಕಾರಿ ಹೆಚ್ಚಿಸಬೇಕೆಂದು ವೈದ್ಯರು ಹೇಳಿದ್ದಾರೆ. 9 ವರ್ಷದ ಮಗನಿಗೆ ಮಲಬದ್ಧತೆ. ಆದ್ದರಿಂದ ವಾರದಲ್ಲಿ ನಾಲ್ಕು ದಿನ ಮೀನು ನಿಲ್ಲಿಸಿ ಪಲ್ಯ, ಸೊಪ್ಪಿನ ಸಾರು ಮಾಡತೊಡಗಿದೆ. ಆ ದಿನಗಳಲ್ಲಿ ಪತಿ ಹೊರಗೆ ಉಂಡು ಬರುತ್ತಾರೆ. ‘ಘಟ್ಟದ ಮೇಲಿನವಳು ನಮಗೆ ದನದ ಮೇವು ಹಾಕುತ್ತಾಳೆ’ ಎಂದು ಅತ್ತೆ ನೆರೆಯವರ ಮುಂದೆ ಹೇಳಿದರು. ಮೊಮ್ಮಗನಿಗೆ ಗುಟ್ಟಾಗಿ ಮೀನು ಹುರಿದುಕೊಡುತ್ತಾರೆ. ಮಗ ಪಲ್ಯವನ್ನು ಹಿತ್ತಲ ಬಾಳೆಯ ಬುಡಕ್ಕೆ ಸುರಿಯುವುದನ್ನು ಕಂಡು ಹೋದ ವಾರ ಅವನಿಗೆ ಹೊಡೆದುಬಿಟ್ಟೆ. ಅಂದಿನಿಂದ ಅವನು ನನ್ನ ಪಕ್ಕ ಊಟಕ್ಕೆ ಕೂರುತ್ತಿಲ್ಲ. ಬೇರೆ ಒಲೆ ಹೂಡಲೇ, ಇಲ್ಲ ಎಲ್ಲವನ್ನೂ ಬಿಟ್ಟು ಸುಮ್ಮನಿರಲೇ?
— ಹೆಸರು ಬೇಡ, ಕಾರವಾರ

ಉತ್ತರ: ಸಹೋದರಿ, ಎಲ್ಲಕ್ಕಿಂತ ಮೊದಲು ಮಗನ ವಿಷಯ. ಇಂದು ರಾತ್ರಿಯೇ ಅವನ ಪಕ್ಕದಲ್ಲಿ ಕುಳಿತು, ಹೊಡೆದದ್ದು ನನ್ನ ತಪ್ಪು, ಇನ್ನು ಊಟದ ವಿಷಯಕ್ಕೆ ಕೈಯೆತ್ತುವುದಿಲ್ಲ ಎಂದು ಹೇಳಿ. ಆ ಮಾತಿಗೆ ‘ಆದರೆ ನೀನು ಪಲ್ಯ ತಿನ್ನಬೇಕು’ ಎಂಬ ಬಾಲವನ್ನು ಅಂಟಿಸಬೇಡಿ. ಪತಿಯ ರಕ್ತಪರೀಕ್ಷೆಯ ಚೀಟಿಯನ್ನೂ ಮಗನ ಹೊಟ್ಟೆನೋವನ್ನೂ ಒಬ್ಬರೇ ತಲೆಯ ಮೇಲೆ ಹೊತ್ತು ಒಂದು ವರ್ಷ ಹೆಣಗಿದವರಿಗೆ ತಾಳ್ಮೆ ತಪ್ಪುವ ಗಳಿಗೆ ಬಂದೇ ಬರುತ್ತದೆ, ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳುತ್ತ ಕೂರಬೇಕಾಗಿಲ್ಲ. ಆದರೆ ಪೆಟ್ಟು ತಿಂದ ನೆನಪಿನ ಜೊತೆಗೆ ಪಲ್ಯವೂ ಅವನ ಮನಸ್ಸಿನಲ್ಲಿ ಕೂತುಬಿಟ್ಟರೆ, ಮುಂದೆ ನೀವು ಎಷ್ಟು ರುಚಿಯಾಗಿ ಮಾಡಿದರೂ ಅದು ಅವನ ಗಂಟಲಲ್ಲಿ ಇಳಿಯುವುದು ಕಷ್ಟ.

ನಿಮ್ಮ ಆತಂಕ ಸರಿಯಾದದ್ದೇ. ವಿಶ್ವ ಆರೋಗ್ಯ ಸಂಸ್ಥೆಯು ದೊಡ್ಡವರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ಬೇಕೆಂದು ಹೇಳುತ್ತದೆ, ಅದೂ ಆಲೂಗಡ್ಡೆಯಂಥ ಪಿಷ್ಟದ ಗಡ್ಡೆಗಳನ್ನು ಲೆಕ್ಕಕ್ಕೆ ಹಿಡಿಯದೆ. ನಿಮ್ಮ ಮನೆಯ ಊಟ ಅದರ ಹತ್ತಿರಕ್ಕೂ ಬರುತ್ತಿರಲಾರದು. ಆದರೆ ತೊಂದರೆ ಎಲ್ಲಿದೆ ಎಂಬುದನ್ನು ಗುರುತಿಸುವಲ್ಲಿ ನೀವು ಸ್ವಲ್ಪ ತಪ್ಪಿದ್ದೀರಿ. ಬಂಗಡೆ, ತಾರ್ಲಿ (ಬೂತಾಯಿ) ಮೀನುಗಳಲ್ಲಿ ಒಳ್ಳೆಯ ಪ್ರೋಟೀನು, ಹೃದಯಕ್ಕೆ ಹಿತವಾದ ಒಮೆಗಾ-3 ಕೊಬ್ಬು ಧಾರಾಳವಾಗಿವೆ. ಅವುಗಳಲ್ಲಿ ಇಲ್ಲದಿರುವುದು ನಾರು. ಪತಿಯ ಸಕ್ಕರೆಯನ್ನು ಏರಿಸುತ್ತಿರುವುದು ತಟ್ಟೆಯ ತುಂಬ ಗುಡ್ಡೆ ಹಾಕಿದ ಅನ್ನ, ಮಗನ ಹೊಟ್ಟೆಯನ್ನು ಕಟ್ಟಿರುವುದು ನಾರಿನ ಕೊರತೆ. ನೀವು ನಿಲ್ಲಿಸಿದ್ದು ಮಾತ್ರ ಮೀನನ್ನು. ಅಂದಿನಿಂದ ಆ ಮನೆಯವರ ಪಾಲಿಗೆ ಸೊಪ್ಪು ಎಂದರೆ ಮೀನು ಕಿತ್ತುಕೊಂಡು ಕೊಟ್ಟ ಶಿಕ್ಷೆಯಾಯಿತು.

ಅತ್ತೆಯವರ ಮಾತು ನಿಮಗೆ ಎಷ್ಟು ನೋವು ಕೊಟ್ಟಿದೆ ಎಂದು ನನಗೆ ಅರ್ಥವಾಗುತ್ತದೆ, ಅದೂ ನೆರೆಯವರ ಎದುರಿಗೆ ಆಡಿದ್ದು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೂ ಆ ಮಾತು ಸೊಪ್ಪಿನ ಮೇಲಿನ ದ್ವೇಷದಿಂದ ಬಂದದ್ದೆಂದು ನನಗೆ ತೋರುವುದಿಲ್ಲ. ಇಷ್ಟು ವರ್ಷ ತಾನು ಮಾಡಿ ಬಡಿಸಿದ ಊಟದಿಂದಲೇ ಮಗನಿಗೆ ಕಾಯಿಲೆ ಬಂತು ಎಂದು ಸೊಸೆ ಬಾಯಿಬಿಟ್ಟು ಹೇಳದೆಯೂ ದಿನವೂ ಹೇಳುತ್ತಿದ್ದಾಳೆ ಎಂದು ಆ ಹಿರಿಯ ಜೀವಕ್ಕೆ ಅನಿಸಿರಬೇಕು. ಗುಟ್ಟಾಗಿ ಹುರಿದು ಕೊಡುವ ಆ ಒಂದು ತುಂಡು ಮೀನಿನಲ್ಲಿ ಮೊಮ್ಮಗನ ಮೇಲಿನ ಪ್ರೀತಿಯಷ್ಟೇ, ಅಡುಗೆಮನೆ ಕೈತಪ್ಪುತ್ತಿದೆ ಎಂಬ ಅಳುಕೂ ಇದೆ.

ಹಾಗಾಗಿ ತರಕಾರಿ ನಿಮ್ಮ ಮನೆಗೆ ಬರಬೇಕಾದದ್ದು ಅತ್ತೆಯವರ ಕೈಯಿಂದ. ಕರಾವಳಿಯ ಅಡುಗೆಮನೆಗೆ ತರಕಾರಿ ಹೊಸತೇನಲ್ಲ, ಘಟ್ಟದಿಂದ ಇಳಿದು ಬರಬೇಕಾದದ್ದೂ ಅಲ್ಲ. ಮೀನು ಮುಟ್ಟದ ದಿನಗಳಿಗೆ ಕಾರವಾರದವರು ‘ಶಿವರಾಕ’ ಎನ್ನುವ ಊಟ ನಿಮ್ಮ ಅತ್ತೆಗೆ ಬಾರದೆ ಇದ್ದೀತೆ? ಚೌತಿಯ ದಿನ ಮೂಲಂಗಿ, ನುಗ್ಗೆ, ಸಿಹಿಗುಂಬಳ, ಬಾಳೆಕಾಯಿ ಎಲ್ಲವನ್ನೂ ತೊಗರಿಬೇಳೆ, ಕಾಯಿ ಮಸಾಲೆಯೊಂದಿಗೆ ಬೇಯಿಸಿ ತೆಪ್ಪಳವೆಂಬ ಘಾಟು ಪರಿಮಳದ ಕಾಯಿ ಜಜ್ಜಿ ಹಾಕುವ ಖತಖತೆಯನ್ನು ಎಷ್ಟು ಸಲ ಮಾಡಿರಬಹುದು! ಅಂಕೋಲೆಯ ಹತ್ತಿರದ ನನ್ನ ಅಜ್ಜಿಯ ಮನೆಯಲ್ಲಿ, ಮಳೆಗಾಲಕ್ಕೆ ಮುಂಚೆ ಮೊಗೆಕಾಯಿಗಳನ್ನು (ಸಾಂಬಾರು ಸೌತೆ) ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ಸಾಲಾಗಿ ತೂಗುಹಾಕುತ್ತಿದ್ದರು. ಹೊರಗೆ ಮಳೆ ಹೊಯ್ಯುವಾಗ ಒಂದೊಂದಾಗಿ ಇಳಿಸಿ, ಒಣ ಶೆಟ್ಲಿ (ಸಿಗಡಿ) ಹಾಕಿ ಸಾರು ಮಾಡುತ್ತಿದ್ದರು. ಮೊಗೆಕಾಯಿಗೂ ಶೆಟ್ಲಿಗೂ ಒಂದೇ ಪಾತ್ರೆಯಲ್ಲಿ ಜಾಗವಿತ್ತು.

ಅಲ್ಲಿಂದಲೇ ಪ್ರಾರಂಭಿಸಿ. ಮೀನಿನ ಮೇಲಿನ ನಿಷೇಧವನ್ನು ನಾಳೆಯೇ ತೆಗೆದುಹಾಕಿ, ತೆಗೆದಿದ್ದೇನೆಂದು ಎಲ್ಲರಿಗೂ ಕೇಳುವಂತೆ ಹೇಳಿ. ಆಮೇಲೆ ಒಂದು ಕಟ್ಟು ಬಸಳೆ ತಂದು, ‘ಅತ್ತೆ, ಶೆಟ್ಲಿ ಹಾಕಿ ಬಸಳೆ ಸಾರು ಮಾಡುವುದನ್ನು ನನಗೆ ತೋರಿಸಿಕೊಡಿ’ ಎಂದು ಕೇಳಿ. ಕೇಳುವಾಗ ನಿಜವಾಗಿ ಕಲಿಯುವ ಮನಸ್ಸು ಇರಲಿ, ಏಕೆಂದರೆ ಆ ಅಡುಗೆ ಕಲಿಯಲು ತಕ್ಕದ್ದೇ. ಬಸಳೆಯ ದಪ್ಪ ದಂಟನ್ನು ಬೆರಳುದ್ದ ಕತ್ತರಿಸಿ ಮೊದಲು ಬೇಯಿಸಿ, ಆಮೇಲೆ ಎಲೆ ಸೇರಿಸಬೇಕು. ಒಣ ಶೆಟ್ಲಿಯ ತಲೆ, ಬಾಲ ಮುರಿದು, ಕಾವಲಿಯ ಮೇಲೆ ಘಮ್ಮೆನ್ನುವವರೆಗೆ ಹುರಿದು, ತೊಳೆದು ಹಾಕಬೇಕು. ಕೆಂಪು ಮೆಣಸು, ಕೊತ್ತಂಬರಿ ಬೀಜ, ಅರಿಸಿನ, ತೆಂಗಿನಕಾಯಿ ನುಣ್ಣಗೆ ರುಬ್ಬಿ, ಹುಳಿಗೆ ಮುರುಗಲು. ಒಂದು ಹಿಡಿ ಶೆಟ್ಲಿಯ ಪರಿಮಳದಲ್ಲಿ ಒಂದು ಕಟ್ಟು ಬಸಳೆ ಇಡೀ ಮನೆಯವರ ಹೊಟ್ಟೆ ಸೇರುತ್ತದೆ. ಹರಿವೆ, ನುಗ್ಗೆಕಾಯಿ, ಹೀರೆಕಾಯಿಗಳಿಗೂ ಇದೇ ದಾರಿ ಸಲ್ಲುತ್ತದೆ.

ಮೀನು ಹುರಿಯುವ ಕಾವಲಿಯನ್ನೂ ಬಳಸಿಕೊಳ್ಳಿ. ಬದನೆ, ಹಾಗಲ, ಬೆಂಡೆಗಳನ್ನು ಬಿಲ್ಲೆಯಾಗಿಯೋ ಉದ್ದಕ್ಕೋ ಸೀಳಿ, ಬಂಗಡೆಗೆ ಹಚ್ಚುವ ಅದೇ ಉಪ್ಪು, ಖಾರ, ಅರಿಸಿನ ಹಚ್ಚಿ, ರವೆಯಲ್ಲಿ ಹೊರಳಿಸಿ, ಸ್ವಲ್ಪವೇ ಎಣ್ಣೆಯಲ್ಲಿ ಎರಡೂ ಮಗ್ಗುಲು ಕೆಂಪಗೆ ಮಾಡಿದರೆ, ಮೀನಿನ ಪಕ್ಕದಲ್ಲಿ ಅದಕ್ಕೂ ಮರ್ಯಾದೆ ಸಿಗುತ್ತದೆ. ಸುವರ್ಣಗಡ್ಡೆ, ನೀರುಹಲಸಿನ ಫೋಡಿ, ಅಂದರೆ ಹೀಗೆ ಹುರಿದ ಬಿಲ್ಲೆ, ಇನ್ನೂ ರುಚಿ. ಆದರೆ ಪಿಷ್ಟ ಹೆಚ್ಚಾದ್ದರಿಂದ ಪತಿಯ ಪಾಲಿಗೆ ಅವು ಅನ್ನದ ಲೆಕ್ಕಕ್ಕೇ ಸೇರುತ್ತವೆ. ಅವುಗಳನ್ನು ತಿಂದ ದಿನ ಅನ್ನವನ್ನು ಅಷ್ಟು ಇಳಿಸಬೇಕು.

ಪತಿಯೊಂದಿಗೆ ಮಾತನಾಡುವುದನ್ನು ಊಟದ ಹೊತ್ತಿಗೆ, ತಾಯಿಯ ಎದುರಿಗೆ ಇಟ್ಟುಕೊಳ್ಳಬೇಡಿ. ಸಂಜೆ ಕಡಲ ದಂಡೆಗೆ ಇಬ್ಬರೇ ನಡೆದುಹೋಗಿ, ನಿಮ್ಮ ಭಯವನ್ನು ಭಯವಾಗಿಯೇ ಹೇಳಿ, ದೂರಾಗಿ ಬೇಡ. ಮೀನು ಬಿಡಬೇಕಾಗಿಲ್ಲ ಎಂದು ಕೇಳಿದೊಡನೆ ಅವರ ಅರ್ಧ ಮುನಿಸು ಇಳಿಯುತ್ತದೆ. ಅವರಿಂದ ಬೇಕಾದದ್ದು ಎರಡೇ ವಿಷಯ: ತಟ್ಟೆಯ ಅರ್ಧಭಾಗ ತರಕಾರಿಗೆ ಮೀಸಲಾಗಲಿ, ಮತ್ತು ಮೊದಲು ತರಕಾರಿ, ಮೀನು ತಿಂದು ಕೊನೆಗೆ ಅನ್ನಕ್ಕೆ ಕೈಹಾಕಲಿ. ನಾರು ಮತ್ತು ಪ್ರೋಟೀನು ಮೊದಲು ಹೊಟ್ಟೆ ಸೇರಿದರೆ ಊಟದ ನಂತರ ಸಕ್ಕರೆ ಒಮ್ಮೆಲೇ ಏರುವುದು ತಗ್ಗುತ್ತದೆ. ಇಲ್ಲಿ ಮೀನು ನಿಮ್ಮ ಕಡೆಗೇ ಇದೆ. ವೈದ್ಯರು ಕೊಟ್ಟ ಮಾತ್ರೆಗಳು ತಪ್ಪದಿರಲಿ. ಎರಡು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಈಗೊಮ್ಮೆ, ಮೂರು ತಿಂಗಳ ಮೇಲೊಮ್ಮೆ ಮಾಡಿಸಿದರೆ, ನೀವು ಹೇಳಬೇಕಾದದ್ದನ್ನು ಆ ಚೀಟಿಯೇ ಹೇಳುತ್ತದೆ.

ಮಗನಿಗೆ ಬಡಿಸುವಾಗ ಒಂದು ಚಮಚಕ್ಕಿಂತ ಹೆಚ್ಚು ಬೇಡ. ತಿಂದರೆ ಹೊಗಳಿಕೆ ಬೇಡ, ಬಿಟ್ಟರೆ ಮಾತೂ ಬೇಡ. ಹೊಸ ರುಚಿಗೆ ಒಗ್ಗಿಕೊಳ್ಳಲು ಮಕ್ಕಳಿಗೆ 8-10 ಸಲ, ಒಮ್ಮೊಮ್ಮೆ 15 ಸಲವಾದರೂ ಅದು ತಟ್ಟೆಯಲ್ಲಿ ಕಾಣಿಸಿಕೊಳ್ಳಬೇಕಾಗುತ್ತದೆ. ಎರಡು ಸಲ ಬಿಟ್ಟನೆಂದು ‘ಇವನಿಗೆ ಸೇರುವುದಿಲ್ಲ’ ಎಂದು ತೀರ್ಮಾನಿಸಬೇಡಿ. ಭಾನುವಾರದ ಸಂತೆಗೆ ಕರೆದೊಯ್ದು, ಹಳ್ಳಿಯಿಂದ ಬುಟ್ಟಿ ಹೊತ್ತು ಬಂದ ಹೆಂಗಸರ ಮುಂದೆ ನಿಲ್ಲಿಸಿ, ಯಾವುದಾದರೂ ಒಂದು ತರಕಾರಿಯನ್ನು ಅವನೇ ಆರಿಸಿ, ಅವನೇ ದುಡ್ಡು ಕೊಟ್ಟು ತರಲಿ. ಅಜ್ಜಿಯ ಜೊತೆ ಕುಳಿತು ಅವನೇ ಸೋಸಲಿ. ಹಣ್ಣು, ನೀರು ಸಾಕಷ್ಟು ಹೋಗಲಿ. ಕೆಲವು ವಾರಗಳಲ್ಲಿ ಮಲಬದ್ಧತೆ ಹತೋಟಿಗೆ ಬಾರದಿದ್ದರೆ, ಅಥವಾ ರಕ್ತ ಕಂಡರೆ ತಡಮಾಡದೆ, ಮಕ್ಕಳ ವೈದ್ಯರಿಗೆ ತೋರಿಸಬೇಕು.

ಬೇರೆ ಒಲೆ ಖಂಡಿತ ಬೇಡ. ಒಲೆ ಬೇರೆಯಾದರೆ ಪತಿ, ಮಗ ಇಬ್ಬರೂ ಮೀನಿನ ಒಲೆಯ ಕಡೆಗೇ ಹೋಗುತ್ತಾರೆ, ನೀವು ತಂಬುಳಿಯೊಂದಿಗೆ ಒಂಟಿಯಾಗುತ್ತೀರಿ. ಸುಮ್ಮನಿರುವುದೂ ಬೇಡ. ಮುಂಗಾರು ನಿಮಗೆ ಒದಗಿಬರುವ ಕಾಲ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ತಾಜಾ ಮೀನು ತಾನಾಗಿಯೇ ಕಡಿಮೆಯಾಗಿ ದುಬಾರಿಯಾಗುತ್ತದೆ, ಅದೇ ಹೊತ್ತಿಗೆ ಕೆಸುವಿನ ಎಲೆ, ತಗಟೆ ಸೊಪ್ಪು, ಕಳಲೆ ಬರುತ್ತವೆ. ಆ 61 ದಿನಗಳಲ್ಲಿ ಮೀನು ಇಲ್ಲದ್ದಕ್ಕೆ ಯಾರೂ ನಿಮ್ಮನ್ನು ದೂರಲಾರರು.

ತವರಿನ ರುಚಿಯನ್ನು ನೀವು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ವಾರಕ್ಕೆ ಒಂದೆರಡು ಸಲ ಒಂದೆಲಗದ ತಂಬುಳಿ ಮಾಡಿ, ನಿಮ್ಮ ತಟ್ಟೆಗೆ ಮಾತ್ರ ಬಡಿಸಿಕೊಂಡು, ಮನಸ್ಸು ತುಂಬಿ ಉಣ್ಣಿ. ಪಾತ್ರೆಯಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಉಳಿದಿರಲಿ.