ಎರಡು ಕೀಲಿನ ಹಳೇ ಹಾಯಿದೋಣಿ ತಗೋಬಹುದಾ?

ಪ್ರಶ್ನೆ: ಸಾರ್, ಒಂದು 26 ಅಡಿ ಬಿಲ್ಜ್ ಕೀಲ್ ಹಾಯಿದೋಣಿ (ತಳದ ಎರಡೂ ಪಕ್ಕ ರೆಕ್ಕೆ ಥರ ಕೆಳಕ್ಕೆ ಚಾಚಿರೋ ಒಂದೊಂದು ಕೀಲ್ ಇರೋದು) ಸೆಕೆಂಡ್ ಹ್ಯಾಂಡಲ್ಲಿ ಬಂದಿದೆ, ಹೊಸ ಪೇಂಟ್ ಹೊಡೆಸಿ ಪಳಪಳ ಅಂತಿದೆ. ಏನೇನು ನೋಡ್ಬೇಕು?

ಉತ್ತರ: ಪೇಂಟ್ ನೋಡಿ ಮರುಳಾಗ್ಬೇಡಿ, ಮೊದ್ಲು ದೋಣಿಯನ್ನ ನೀರಿಂದ ಮೇಲೆತ್ತಿಸಿ ಕೆಳಗಡೆ ನುಗ್ಗಿ. ಈ ದೋಣಿ ಸಮುದ್ರದ ನೀರು ಇಳಿದ ಹೊತ್ತಲ್ಲಿ ಎರಡು ಕೀಲ್ ಮೇಲೆ ನೆಟ್ಟಗೆ ನಿಂತ್ಕೊಳ್ಳುತ್ತೆ, ಅದೇ ಇದರ ಸುಖ ಅದೇ ಇದರ ಕಷ್ಟಾನೂ, ಯಾಕಂದ್ರೆ ಗಟ್ಟಿ ನೆಲದ ಮೇಲೆ ಅಲೆ ಬಂದಾಗೆಲ್ಲ ಎತ್ತಿ ಕುಕ್ಕಿ ಕುಕ್ಕಿ ಕೀಲ್ ಬುಡ ಸಡಿಲ ಆಗಿರಬಹುದು. ಕೀಲ್ ಹಲ್‌ಗೆ (ದೋಣಿಯ ಒಡಲಿಗೆ) ಸೇರೋ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು, ತುಕ್ಕಿನ ಕಂದು ಕಲೆ ಇದ್ಯಾ ನೋಡಿ. ಕೀಲ್ ತುದಿ ಹಿಡ್ಕೊಂಡು ಜೋರಾಗಿ ಅಲ್ಲಾಡಿಸಿ, ಇನ್ನೊಬ್ಬರು ಒಳಗೆ ಬೋಲ್ಟ್ ಹತ್ರ ಟಾರ್ಚ್ ಬಿಟ್ಟು ನೋಡ್ಲಿ, ಫೈಬರ್‌ಗ್ಲಾಸ್ ಸ್ವಲ್ಪ ಮಿಸುಕಿದ್ರೂ ಯೋಚ್ನೆ ಮಾಡ್ಬೇಕು. ಎರಡು ಕೀಲಿನ ನಡುವೆ ಬ್ರಷ್ ಆಡಿಸೋದು ಕಷ್ಟ, ಸೋಮಾರಿ ಓನರ್‌ಗಳ ಬಣ್ಣ ಬಯಲಾಗೋದೇ ಅಲ್ಲಿ!

ಗಾಳಿಗೆ ಎದುರಾಗಿ ಹೋಗೋವಾಗ ಮಧ್ಯದಲ್ಲಿ ಒಂದೇ ಆಳವಾದ ಕೀಲ್ ಇರೋ ದೋಣಿಗಿಂತ ಸ್ವಲ್ಪ ಹಿಂದೆ ಬೀಳುತ್ತೆ, ರೇಸ್ ಹುಚ್ಚಿಲ್ದಿದ್ರೆ ಬಿಟ್ಟಾಕಿ. ಹಾಯಿಕಂಬ ಬಿಗಿದು ಹಿಡಿದಿರೋ ರಿಗ್ಗಿಂಗ್ ವೈರ್ ಎಷ್ಟು ಹಳೇದು ಅಂತ ಕೇಳಿ, ಇಂಜಿನ್ ತಣ್ಣಗಿರೋವಾಗ್ಲೇ ಸ್ಟಾರ್ಟ್ ಮಾಡಿಸಿ. ನೀವು ಬರೋಕೆ ಮುಂಚೆನೇ ಬಿಸಿ ಮಾಡಿಟ್ಟಿದ್ರೆ ಇನ್ನೊಂದಿನ ಹೇಳ್ದೇ ಹೋಗಿ. ಅಡ್ವಾನ್ಸ್ ಕೊಡೋದು ದೋಣಿ ಪರೀಕ್ಷೆ ಮಾಡೋ ಸರ್ವೇಯರ್ ರಿಪೋರ್ಟ್ ಬಂದ್ಮೇಲೆ.