ಹಳದಿ ಗೆರೆ ಬೀಳದ ಸಾಲು

ಹ್ಯೂಸ್ಟನ್‌ನಲ್ಲಿ ಆಪ್ತಸಲಹೆ ಮಾಡುವವರಿಗೆ ಬೇಸ್‌ಬಾಲ್ ಗೊತ್ತಿಲ್ಲದಿದ್ದರೆ ನಡೆಯುವುದಿಲ್ಲ. ಇಲ್ಲಿನ ಆಸ್ಟ್ರೋಸ್ ಬೇಸ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಆಗಿದ್ದು, ಆಟಗಾರರ ಮೋಸ ಹೊರಬಿದ್ದಾಗ ಕೆಲಸ ಕಳೆದುಕೊಂಡವರು ಜೆಫ್ ಲೂನೋ. 2020ರಿಂದೀಚೆಗೆ ನನ್ನ ಮುಂದೆ ಕೂತು ಅವರ ಹೆಸರು ಎತ್ತಿದವರು ಒಬ್ಬಿಬ್ಬರಲ್ಲ. ಎಲ್ಲರದೂ ಹೆಚ್ಚುಕಮ್ಮಿ ಒಂದೇ ಮಾತು. "ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇನ್ನೊಂದು ಅವಕಾಶ ಯಾಕೆ ಕೊಡಬಾರದು?" ಅವರಲ್ಲಿ ಒಬ್ಬರ ವಿಷಯ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಊರು, ಕೆಲಸ, ಮನೆಯ ವಿವರ ಬದಲಿಸಿ ಬರೆಯುತ್ತಿದ್ದೇನೆ. ರಾಯರು ಅಂತಿಟ್ಟುಕೊಳ್ಳೋಣ.

ರಾಯರಿಗೆ ಐವತ್ತರ ಆಸುಪಾಸು. ಹಾಸನದ ಕಡೆಯವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ವಾಲ್ವ್ ತಯಾರಿಸುವ ಒಂದು ಕಂಪನಿಯಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥರಾಗಿದ್ದರು. ಅವರ ಕೈಕೆಳಗಿನವರು ಒತ್ತಡದ ಪರೀಕ್ಷೆ ಮಾಡದೆ, ಹಳೆಯ ಅಂಕಿಗಳನ್ನೇ ಹೊಸ ಹಾಳೆಗೆ ಇಳಿಸುತ್ತಿದ್ದರು. ಹಾಳೆಯ ಕೆಳಗೆ ರಾಯರ ಸಹಿ. ಸಿಕ್ಕಿಬಿದ್ದಾಗ ಹುಡುಗರು ತನಿಖೆಯವರ ಮುಂದೆ ಎಲ್ಲ ಹೇಳಿ ಕೆಲಸ ಉಳಿಸಿಕೊಂಡರು. ರಾಯರು ಮನೆಗೆ ಬಂದರು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮಗನ ಹತ್ತಿರ ಮಾತಿಲ್ಲ ಅಂತ ಹೆಂಡತಿಯೇ ಕರೆದುಕೊಂಡು ಬಂದಿದ್ದು.

ಬೇಸ್‌ಬಾಲ್ ನೋಡದವರಿಗೆ ಇಷ್ಟು ಹೇಳಿಬಿಡುತ್ತೇನೆ. ನಮ್ಮ ವಿಕೆಟ್‌ಕೀಪರ್ ಇರುವ ಜಾಗದಲ್ಲಿ ಅಲ್ಲಿ ಕ್ಯಾಚರ್ ಕೂತಿರುತ್ತಾನೆ. ಮುಂದಿನ ಎಸೆತ ಯಾವುದು ಅಂತ ಆಗೆಲ್ಲ ಬೆರಳಲ್ಲೇ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಸನ್ನೆ ಮಾಡುತ್ತಿದ್ದ. ಆ ಸನ್ನೆ ಬ್ಯಾಟ್ ಹಿಡಿದವನಿಗೆ ಮೊದಲೇ ತಿಳಿದರೆ ಪಿಚರ್ ಕಥೆ ಮುಗೀತು. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡದವರು ಸೆಂಟರ್ ಫೀಲ್ಡ್ ಕ್ಯಾಮೆರಾದ ದೃಶ್ಯವನ್ನು ಡಗೌಟ್ ಹಿಂದಿನ ಟಿವಿಯಲ್ಲಿ ನೋಡಿ, ಕಸದ ಡಬ್ಬ ಬಡಿದು ಸುಳಿವು ಕೊಡುತ್ತಿದ್ದರು. ಸದ್ದು ಬಂದರೆ ತಿರುಗುವ ಅಥವಾ ನಿಧಾನದ ಎಸೆತ, ಬರದಿದ್ದರೆ ಫಾಸ್ಟ್‌ಬಾಲ್. ಆ ವರ್ಷ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್, ಗೆದ್ದದ್ದು ಅವರೇ. ಹಾರ್ವೆ ಚಂಡಮಾರುತದಲ್ಲಿ ಅರ್ಧ ಊರು ಮುಳುಗಿ ಎರಡು ತಿಂಗಳಾಗಿತ್ತಷ್ಟೆ. ಕೇಸರಿ ಟೀ ಶರ್ಟ್ ಹಾಕಿಕೊಂಡು ನಾನೂ ಕುಣಿದಿದ್ದೆ, ಸುಳ್ಳು ಯಾಕೆ ಹೇಳಲಿ.

2019ರ ನವೆಂಬರ್‌ನಲ್ಲಿ, ಮೊದಲು ಅದೇ ತಂಡದಲ್ಲಿದ್ದ ಮೈಕ್ ಫೈಯರ್ಸ್ ಬಾಯಿಬಿಟ್ಟರು. 2020ರ ಜನವರಿ 13ಕ್ಕೆ ಬೇಸ್‌ಬಾಲ್ ಲೀಗಿನ ಮುಖ್ಯಸ್ಥರಾದ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅವರ ವರದಿ ಬಂತು. ತಂಡ ಕಟ್ಟಿದ ಜನರಲ್ ಮ್ಯಾನೇಜರ್ ಲೂನೋ, ಮೈದಾನದ ಮ್ಯಾನೇಜರ್ ಎ.ಜೆ. ಹಿಂಚ್, ಇಬ್ಬರಿಗೂ ಒಂದು ವರ್ಷ ಅಮಾನತು. ತಂಡಕ್ಕೆ 50 ಲಕ್ಷ ಡಾಲರ್ ದಂಡ. ಮಾಲೀಕ ಜಿಮ್ ಕ್ರೇನ್ ಅದೇ ದಿನ ಇಬ್ಬರನ್ನೂ ತೆಗೆದುಹಾಕಿದರು. ನಿಜ ಹೇಳಿದ ಆಟಗಾರರಿಗೆ ಶಿಕ್ಷೆ ಇಲ್ಲ. ರಾಯರಿಗೆ ಇದು ತಮ್ಮದೇ ಜಾತಕದ ಹಾಗೆ ಕಂಡಿದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಮೊದಲ ನಾಲ್ಕು ಭೇಟಿ ಇದರಲ್ಲೇ ಹೋಯಿತು. ಐದನೆಯ ಸಲ ಆ ವರದಿಯನ್ನೇ ಪ್ರಿಂಟ್ ಹಾಕಿಸಿಕೊಂಡು ಬಂದರು. ಒಂಬತ್ತು ಪುಟ. ಮೂಲೆಗೆ ಸ್ಟೇಪಲ್ ಹೊಡೆದು, ತಮಗೆ ಬೇಕಾದ ಸಾಲಿಗೆಲ್ಲ ಹಳದಿ ಹೈಲೈಟರ್ ಎಳೆದಿದ್ದರು. ಕಸದ ಡಬ್ಬದ ಉಪಾಯ, ಒಬ್ಬ ಕೋಚ್ ಬಿಟ್ಟರೆ, ಆಟಗಾರರೇ ಹುಟ್ಟುಹಾಕಿ ನಡೆಸಿದ್ದು ಎನ್ನುವ ಸಾಲು. ಸನ್ನೆ ಬಿಡಿಸುವ ಕೆಲಸವನ್ನು ಲೂನೋ ತಾವಾಗಿ ಹುಟ್ಟುಹಾಕಲೂ ಇಲ್ಲ, ನಿಂತು ನಡೆಸಲೂ ಇಲ್ಲ ಎನ್ನುವ ಸಾಲು.

"ಉಪ್ಪು ತಿಂದೋನು ನೀರು ಕುಡೀಬೇಕು, ಒಪ್ತೀನಿ ಮೇಡಂ. ನಾನು ಉಪ್ಪೇ ತಿಂದಿಲ್ವಲ್ಲ."

"ಅಡುಗೆಮನೆ ನಿಮ್ಮದೇ ಆಗಿತ್ತಲ್ಲ," ಅಂದೆ.

ಅವರಿಗೆ ಸಿಟ್ಟು ಬಂತು. ಬರಲಿ ಅಂತಲೇ ಹೇಳಿದ್ದೆ. ಆಮೇಲೆ ಹಾಳೆಗಳನ್ನು ಅವರ ಕಡೆ ತಿರುಗಿಸಿ, "ಹಳದಿ ಬೀಳದ ಸಾಲು ಒಂದಾದರೂ ಓದಿ, ಜೋರಾಗಿ," ಅಂದೆ. ಯಾವುದು ಅಂತ ಕೇಳಿದರು. ಬೆರಳಿಟ್ಟು ತೋರಿಸಿದೆ. 2017ರ ಸೆಪ್ಟೆಂಬರ್ 15ರಂದು ಕಮಿಷನರ್ ಎಲ್ಲ ತಂಡಗಳಿಗೂ ಒಂದು ಸೂಚನೆ ಕಳಿಸಿದ್ದರು. ಎಲೆಕ್ಟ್ರಾನಿಕ್ ಸಾಧನದಿಂದ ಸನ್ನೆ ಕದ್ದರೆ ಇನ್ನು ಮುಂದೆ ಜನರಲ್ ಮ್ಯಾನೇಜರ್ ಮತ್ತು ಮ್ಯಾನೇಜರ್ ಹೊಣೆ ಅಂತ. ಲೂನೋ ಅದನ್ನು ತಂಡದವರಿಗೆ ದಾಟಿಸಲಿಲ್ಲ. ನಿಯಮ ಪಾಲಿಸುತ್ತಿದ್ದಾರಾ ಅಂತ ವಿಚಾರಿಸಿ ಖಾತ್ರಿ ಮಾಡಿಕೊಳ್ಳಲಿಲ್ಲ. ವರದಿ ಹೇಳುವುದು ಇಷ್ಟು.

ರಾಯರು ಒಂದು ಸಲ ಓದಿದರು. ಎರಡನೆಯ ಸಲ ಮನಸ್ಸಲ್ಲೇ ಓದಿಕೊಂಡರು. ಜೇಬಿನಿಂದ ಹೈಲೈಟರ್ ತೆಗೆದು ಮುಚ್ಚಳ ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು. ಎಷ್ಟು ಹೊತ್ತಾಯಿತೋ. ನಾನು ಬಾಯಿ ಹಾಕಲಿಲ್ಲ.

"ನನಗೂ ಒಂದು ಮೇಲ್ ಬಂದಿತ್ತು," ಅಂದರು.

ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಬರೆದಿದ್ದಳಂತೆ. ಮೂರು ವಾಲ್ವ್‌ಗಳ ಅಂಕಿ ದಶಾಂಶದ ತನಕ ಒಂದೇ ಇದೆ, ಒಮ್ಮೆ ನೋಡುತ್ತೀರಾ ಸರ್ ಅಂತ. ರಾಯರು 'ನೋಡೋಣ' ಅಂತ ಉತ್ತರ ಕಳಿಸಿ ಮೀಟಿಂಗ್‌ಗೆ ಹೋದರು. ನಾಲ್ಕು ತಿಂಗಳಿಗೆ ಆ ಹುಡುಗಿ ಕೆಲಸ ಬಿಟ್ಟಳು. ಯಾಕೆ ಅಂತ ಇವರು ಕೇಳಲಿಲ್ಲ.

"ಯಾಕೆ ನೋಡಲಿಲ್ಲ?" ಅಂದೆ.

"ನೋಡಿದ್ರೆ ಗೊತ್ತಾಗಿಬಿಡ್ತಿತ್ತು ಮೇಡಂ."

ನನ್ನ ಇಷ್ಟು ವರ್ಷದ ಕೆಲಸದಲ್ಲಿ 'ನನಗೆ ಗೊತ್ತಿರಲಿಲ್ಲ' ಅನ್ನುವುದರ ಅರ್ಥವನ್ನು ಇಷ್ಟು ನೇರವಾಗಿ ಬಿಡಿಸಿ ಹೇಳಿದವರು ಇನ್ನೊಬ್ಬರಿಲ್ಲ. ಹಾಲು ಕುಡಿಯುವ ಬೆಕ್ಕು ಕಣ್ಣು ಮುಚ್ಚಿಕೊಳ್ಳುತ್ತದೆ ಅಂತೀವಲ್ಲ. ದೊಡ್ಡ ಕುರ್ಚಿಯಲ್ಲಿ ಕೂತವರ ಕಷ್ಟ ಇನ್ನೂ ವಿಚಿತ್ರ. ಹಾಲು ಕುಡಿಯುವವರು ಬೇರೆ ಯಾರೋ, ಕಣ್ಣು ಮುಚ್ಚುವ ಕೆಲಸ ಮಾತ್ರ ಇವರದು. ಅದಕ್ಕೇ ತಾವು ತಪ್ಪು ಮಾಡಿಲ್ಲ ಅಂತ ಪ್ರಾಮಾಣಿಕವಾಗಿ ನಂಬುತ್ತಾರೆ. ಸುಮ್ನೆ ನಾಟಕ ಆಡುತ್ತಾರೆ ಅಂದುಕೊಳ್ಳಬೇಡಿ.

ಅವತ್ತು ನಾನು ಕೊಟ್ಟ ಸಲಹೆ ಇದು. ಆರು ತಿಂಗಳು ಮೊದಲಿನ ಮಟ್ಟದ ಹುದ್ದೆಗೆ ಅರ್ಜಿ ಹಾಕಬೇಡಿ. ಬೇರೆ ಕೆಲಸದ ಸಂದರ್ಶನಕ್ಕೆ ಹೋದರೆ ಅವರು ಕೇಳುವ ಮೊದಲೇ ಆ ಮೇಲ್ ವಿಷಯ ಹೇಳಿ. 'ನನ್ನ ತಂಡ ತಪ್ಪು ಮಾಡಿತು' ಅಂತ ಶುರು ಮಾಡಬೇಡಿ, 'ನಾನು ನೋಡಲಿಲ್ಲ' ಅಂತ ಶುರು ಮಾಡಿ. ಆ ಹುಡುಗಿಗೆ ಒಂದು ಕಾಗದ ಬರೆಯಿರಿ. ಕ್ಷಮೆ ಕೊಡು ಅಂತ ಕೇಳಬೇಡಿ, ಉತ್ತರ ಕಾಯಬೇಡಿ. ನೀನು ಹೇಳಿದ್ದು ಸರಿ ಇತ್ತು ಅಂತ ಬರೆದರೆ ಸಾಕು. ಮತ್ತೆ, ಲೂನೋ ಬಗ್ಗೆ ಓದುವುದನ್ನು ನಿಲ್ಲಿಸಿ!

"ಹಾಗಾದ್ರೆ ಲೂನೋಗೆ ಇನ್ನೊಂದು ಅವಕಾಶ ಬೇಡವಾ?" ಅಂತ ಬಾಗಿಲ ಹತ್ತಿರ ನಿಂತು ಕೇಳಿದರು. ಬಿಡುವ ಪೈಕಿ ಅಲ್ಲ.

ನಾನು ಮೈಕ್ ಬೋಲ್ಸಿಂಗರ್ ಕಥೆ ಹೇಳಿದೆ. ಟೊರೊಂಟೊ ತಂಡದ ಪಿಚರ್. 2017ರ ಆಗಸ್ಟ್ 4ರಂದು ಇದೇ ಹ್ಯೂಸ್ಟನ್‌ನಲ್ಲಿ ಎಸೆಯಲು ಬಂದರು. ಒಬ್ಬನನ್ನು ಔಟ್ ಮಾಡುವಷ್ಟರಲ್ಲಿ ನಾಲ್ಕು ರನ್ ಹೋಯಿತು. ಕೂಡಲೇ ಕೆಳಗಿನ ಲೀಗ್‌ಗೆ ಕಳಿಸಿದರು. ಮೇಜರ್ ಲೀಗ್‌ನಲ್ಲಿ ಅವರು ಮತ್ತೆ ಎಸೆಯಲೇ ಇಲ್ಲ. ಟೋನಿ ಆಡಮ್ಸ್ ಅನ್ನುವ ಆಸ್ಟ್ರೋಸ್ ಅಭಿಮಾನಿಯೇ ಆಮೇಲೆ ಕೂತು ಆ ವರ್ಷದ 8,200ಕ್ಕೂ ಜಾಸ್ತಿ ಎಸೆತಗಳ ವಿಡಿಯೊ ಕೇಳಿ ಡಬ್ಬದ ಸದ್ದು ಎಣಿಸಿದ. ಒಟ್ಟು 1,143. ಅತಿ ಹೆಚ್ಚು ಬಂದದ್ದು ಆಗಸ್ಟ್ 4ರ ಪಂದ್ಯದಲ್ಲಿ, 54. ಲೂನೋ ಅವಕಾಶದ ಲೆಕ್ಕ ಹಾಕುವಾಗ ಬೋಲ್ಸಿಂಗರ್ ಕಳೆದುಕೊಂಡ ಅವಕಾಶವನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ, ಅಂದೆ.

ಈ ಪ್ರಕರಣವನ್ನು ನಮ್ಮ ಸಲಹೆಗಾರರ ಗುಂಪಲ್ಲಿ ಹೇಳಿದಾಗ ಇಬ್ಬರು ನನ್ನ ಮೇಲೆ ಬಿದ್ದರು. ಮುರಿದು ಕೂತವನ ಕೈಯಿಂದ ಊರುಗೋಲು ಕಿತ್ತುಕೊಂಡಿರಿ, ನೀವೇನು ಜಡ್ಜಾ ಅಂತ. ನಾನು ಜಡ್ಜ್ ಅಲ್ಲ, ನಿಜ. ಲೂನೋಗೆ ಎಷ್ಟು ಗೊತ್ತಿತ್ತು ಎನ್ನುವುದನ್ನು ತೀರ್ಮಾನಿಸುವ ಹಕ್ಕು ನನಗಿಲ್ಲ. ತಾವು ಮೋಸಗಾರ ಅಲ್ಲ ಅಂತ ಅವರು ವರದಿ ಬಂದ ದಿನವೇ ಹೇಳಿಕೆ ಕೊಟ್ಟಿದ್ದಾರೆ. ಆದರೆ ಆ ಊರುಗೋಲು ರಾಯರನ್ನು ನಡೆಸುತ್ತಿರಲಿಲ್ಲ, ನಿಂತಲ್ಲೇ ನಿಲ್ಲಿಸಿತ್ತು. ಹಿಂಚ್ ಅವರನ್ನೇ ನೋಡಿ. ಅವರಿಗೆ ಗೊತ್ತಿತ್ತು. ಆ ಟಿವಿಯನ್ನು ಎರಡು ಸಲ ಹಾಳುಗೆಡವಿದರು ಅಂತ ವರದಿಯಲ್ಲೇ ಇದೆ, ಆದರೆ 'ನಿಲ್ಲಿಸ್ರೋ' ಅನ್ನಲಿಲ್ಲ. ಒಂದು ಲೆಕ್ಕಕ್ಕೆ ಅವರ ತಪ್ಪೇ ದೊಡ್ಡದು. ಆದರೂ ನಾನು ತಡೆಯಬೇಕಿತ್ತು ಅಂತ ಒಪ್ಪಿಕೊಂಡರು. ಅಮಾನತು ಮುಗಿದು ವಾರ ಕಳೆಯುವ ಮೊದಲೇ ಡೆಟ್ರಾಯ್ಟ್ ಟೈಗರ್ಸ್ ಕರೆದು ಕೆಲಸ ಕೊಟ್ಟಿತು. ಲೂನೋ ಆಸ್ಟ್ರೋಸ್ ಮೇಲೆ ಮೊಕದ್ದಮೆ ಹೂಡಿ, ಆಮೇಲೆ ರಾಜಿಯಾಗಿ, ಫುಟ್‌ಬಾಲ್ ಕಡೆ ತಿರುಗಿದರು. 2022ರಲ್ಲಿ ಅವರ ಗುಂಪು ಸ್ಪೇನ್‌ನ ಲೆಗಾನೆಸ್ ಕ್ಲಬ್ಬನ್ನೇ ಕೊಂಡಿತು. ಹಣ ಇದ್ದವರು ಅವಕಾಶವನ್ನೂ ಕೊಳ್ಳಬಹುದು. ರಾಯರು ಯಾವ ಕ್ಲಬ್ ಕೊಳ್ಳುತ್ತಾರೆ?

ಹಿಂಚ್‌ಗೆ ಕೆಲಸ ಸಿಕ್ಕಿದ್ದು ಒಪ್ಪಿಕೊಂಡಿದ್ದಕ್ಕೇ ಅಂತ ನಾನು ಹೇಳುವುದಿಲ್ಲ. ಗೆಲ್ಲಿಸಿಕೊಡುವವರು ಎಲ್ಲರಿಗೂ ಬೇಕು. ನನ್ನ ಮಾತು ಇಷ್ಟೇ. ಇನ್ನೊಂದು ಅವಕಾಶ ಸಿಕ್ಕರೆ ಅಲ್ಲಿ ಬೇರೆ ಏನು ಮಾಡುತ್ತೀರಿ ಅಂತ ಕೇಳಿದಾಗ, ನನ್ನ ತಪ್ಪೇ ಇರಲಿಲ್ಲ ಅನ್ನುವವರ ಹತ್ತಿರ ಉತ್ತರ ಇರುವುದಿಲ್ಲ. ಇದನ್ನು ಹಟ ಅಂದರೂ ಸರಿ, ಬಿಡುವುದಿಲ್ಲ.

ರಾಯರು ಈಗ ಒಂದು ಚಿಕ್ಕ ವರ್ಕ್‌ಶಾಪ್‌ನಲ್ಲಿ ಇನ್ಸ್‌ಪೆಕ್ಟರ್. ಮೊದಲಿನ ಹುದ್ದೆಗಿಂತ ಎರಡು ಮೆಟ್ಟಿಲು ಕೆಳಗೆ. ಗೇಜ್ ಮುಂದೆ ನಿಂತು ಮುಳ್ಳು ನೋಡಿ ಅಂಕಿ ಬರೆದುಕೊಳ್ಳುತ್ತಾರೆ, ಕೈಗೆಲ್ಲ ಗ್ರೀಸ್. ನಿದ್ದೆ ಬರುತ್ತಿದೆಯಂತೆ. ಹುಡುಗಿಗೆ ಕಾಗದ ಹಾಕಿ ಒಂದು ವರ್ಷ ಆಯಿತು, ಉತ್ತರ ಬಂದಿಲ್ಲ. ಅವರ ಹೆಂಡತಿಗೆ ನನ್ನ ಮೇಲೆ ಇನ್ನೂ ಕೋಪ ಇದೆ. ಕೊನೆಯ ಭೇಟಿಯ ದಿನ ಫೀಸ್ ಕಟ್ಟುತ್ತಾ, "ಮೊದಲು ಮನೆಯಲ್ಲಿ ನಿದ್ದೆ ಇರಲಿಲ್ಲ, ಈಗ ಸಂಬಳ ಅರ್ಧ," ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ರಸೀದಿ ಕೊಟ್ಟೆ.