ಕುಕ್ಕರುಗಾಲಲ್ಲಿ ಕೂತವನ ಕೂಲಿ

ಫಿಲಡೆಲ್ಫಿಯಾದಲ್ಲಿರುವ ಓದುಗರೊಬ್ಬರು 2025ರ ಕೊನೆಯಲ್ಲಿ ಬರೆದ ಪತ್ರ: “ನಮ್ಮೂರಿನ ಬೇಸ್‌ಬಾಲ್ ತಂಡ ಫಿಲ್ಲೀಸ್‌ನ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಜೆ.ಟಿ. ರಿಯಲ್ಮ್ಯೂಟೊನ ಒಪ್ಪಂದ 2025ಕ್ಕೆ ಮುಗಿಯಿತು. ಈಗ ಆತ ಫ್ರೀ ಏಜೆಂಟ್, ಯಾವ ತಂಡಕ್ಕೆ ಬೇಕಾದರೂ ಸೇರಬಹುದು. ಮಾರ್ಚ್‌ಗೆ 35 ತುಂಬುತ್ತದೆ, ಮಂಡಿಗೆ ಆಪರೇಷನ್ ಆಗಿದೆ. 2026ರಿಂದ ಸ್ಟ್ರೈಕ್ ತೀರ್ಮಾನಕ್ಕೂ (ಚೆಂಡು ಬ್ಯಾಟರ್ ಹೊಡೆಯಬಹುದಾದ ಜಾಗದಲ್ಲಿ ಬಂತೇ ಎಂಬುದಕ್ಕೂ) ಯಂತ್ರ ಬರುತ್ತಿದೆ. ಇಂಥವನ ಮೇಲೆ ಮತ್ತೆ ದುಡ್ಡು ಸುರಿಯುವುದು ದಡ್ಡತನ ಅಲ್ವಾ? ಅದೇ ದುಡ್ಡಿಗೆ ಒಳ್ಳೆಯ ಬ್ಯಾಟರ್ ಸಿಗುತ್ತಾನೆ.”

ಸಂಪಾದಕರು ಆಗ ಕೊಟ್ಟ ಉತ್ತರ:

ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ ಎಂದು ಮೊದಲೇ ಒಪ್ಪಿಬಿಡುತ್ತೇನೆ. ಮಿನೆಸೋಟಾ ತಂಡ 2010ರಲ್ಲಿ ತನ್ನ ಕ್ಯಾಚರ್ ಜೋ ಮಾವರ್‌ನಿಗೆ ಎಂಟು ವರ್ಷಕ್ಕೆ 18.4 ಕೋಟಿ ಡಾಲರ್ ಬರೆದುಕೊಟ್ಟಿತು. 2013ರಲ್ಲಿ ಚೆಂಡು ಬಡಿದು ತಲೆಗೆ ಪೆಟ್ಟಾಯಿತು. ಮುಂದಿನ ವರ್ಷದಿಂದ ಆತ ಕ್ಯಾಚರ್ ಜಾಗ ಬಿಟ್ಟು ಫಸ್ಟ್ ಬೇಸ್‌ಗೆ ಹೋದ. ಕ್ಯಾಚರ್‌ಗೆಂದು ಕೊಟ್ಟ ದುಡ್ಡಿನಲ್ಲಿ ತಂಡಕ್ಕೆ ಕ್ಯಾಚರೇ ಉಳಿಯಲಿಲ್ಲ. ಮಂಡಿಗೂ ವಯಸ್ಸಾಗುತ್ತದೆ. ಸರಿ, ನಿಮ್ಮ ಪಾಲಿನ ಮಾತು ಇಷ್ಟು. ಇನ್ನು ನನ್ನದು.

ಮಗಳ ಮನೆಗೆ ಹೋಗಿದ್ದಾಗ ಅಳಿಯ ನನ್ನನ್ನು ನಿಮ್ಮೂರಿನ ಸ್ಟೇಡಿಯಂಗೆ ಕರೆದುಕೊಂಡು ಹೋಗಿದ್ದರು. ಆಟ ಒಂದು ಚೂರೂ ಅರ್ಥವಾಗಲಿಲ್ಲ. ಸುಮ್ನೆ ಕ್ಯಾಚರ್‌ನನ್ನೇ ನೋಡುತ್ತ ಕೂತೆ. ಕ್ರಿಕೆಟ್ ನೋಡಿ ಬೆಳೆದ ಕಣ್ಣು, ಕೀಪರ್ ಇದ್ದ ಕಡೆಗೇ ಹೋಗುತ್ತದೆ. ಒಂದು ರಾತ್ರಿಗೆ ನೂರಕ್ಕೂ ಜಾಸ್ತಿ ಸಲ ಕುಕ್ಕರುಗಾಲಲ್ಲಿ ಕೂತು ಏಳಬೇಕು. ಬ್ಯಾಟಿನ ಅಂಚು ಸವರಿದ ಚೆಂಡು ಮುಖವಾಡಕ್ಕೆ ಬಡಿಯುತ್ತದೆ, ಭುಜಕ್ಕೆ ಬಡಿಯುತ್ತದೆ. ಮುಂದಿನ ಎಸೆತ ಯಾವುದು ಎಂದು ಚೆಂಡು ಎಸೆಯುವ ಪಿಚರ್‌ಗೆ ಹೇಳಬೇಕು. ಪಿಚರ್ ತಲೆಬಿಸಿ ಮಾಡಿಕೊಂಡರೆ ಎದ್ದು ಹೋಗಿ ಸಮಾಧಾನ ಮಾಡಬೇಕು. ಇಷ್ಟೆಲ್ಲ ಆದ ಮೇಲೆ ತಾನೂ ಬ್ಯಾಟ್ ಹಿಡಿಯಬೇಕು. ಮೈದಾನದಲ್ಲಿರುವ ಒಂಬತ್ತು ಜನರಲ್ಲಿ ಎಂಟು ಮಂದಿ ಒಂದು ಕಡೆ ಮುಖ ಮಾಡಿ ನಿಂತರೆ, ಇವನೊಬ್ಬ ಎದುರು ಕಡೆ. ಇಡೀ ಆಟವನ್ನು ಮುಂದಿನಿಂದ ನೋಡುವವನು ಇವನೊಬ್ಬನೇ.

ನೀವು 2025ರ ಅಕ್ಟೋಬರ್ ಮರೆತಿರಲಾರಿರಿ. ಲಾಸ್ ಏಂಜಲಿಸ್ ಡಾಡ್ಜರ್ಸ್ ವಿರುದ್ಧದ ಪ್ಲೇಆಫ್ ಸರಣಿಯ ನಾಲ್ಕನೇ ಪಂದ್ಯ, ಹನ್ನೊಂದನೇ ಇನಿಂಗ್ಸ್. ಇಬ್ಬರು ಔಟ್, ಮೂರೂ ಬೇಸ್ ಭರ್ತಿ. ಚೆಂಡು ಪಿಚರ್ ಕರ್ಕರಿಂಗ್ ಬಳಿಗೇ ಬಂತು, ಕೈ ಜಾರಿತು. ರಿಯಲ್ಮ್ಯೂಟೊ ಫಸ್ಟ್ ಬೇಸ್ ಕಡೆ ಕೈ ತೋರಿಸಿದ; ಅಲ್ಲಿಗೆ ಎಸೆದಿದ್ದರೆ ಮೂರನೇ ಔಟ್ ಸಿಗಬಹುದಿತ್ತು. ಗಾಬರಿಯಲ್ಲಿದ್ದ ಹುಡುಗ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಕಡೆಗೇ ಎಸೆದ, ಅದೂ ದಿಕ್ಕು ತಪ್ಪಿ. ಡಾಡ್ಜರ್ಸ್‌ಗೆ ಗೆಲುವಿನ ರನ್ ಸಿಕ್ಕಿತು. ಫಿಲ್ಲೀಸ್‌ನ ವರ್ಷ ಅಲ್ಲಿಗೆ ಮುಗಿಯಿತು. ಕರ್ಕರಿಂಗ್ ಅತ್ತಿದ್ದನ್ನು ಎಲ್ಲರೂ ಬರೆದರು. ತೋರಿಸಿದ ಆ ಕೈಗೆ ಯಾವ ಅಂಕಿಪಟ್ಟಿಯಲ್ಲಿ ಜಾಗ ಇದೆ ಹೇಳಿ.

ಆತನಿಗೆ ಅಂಕಿ ಇಲ್ಲ ಅಂತಲೂ ಅಲ್ಲ. 2022ರಲ್ಲಿ 22 ಹೋಮ್ ರನ್ (ನಮ್ಮ ಸಿಕ್ಸರ್ ಥರ), 21 ಬೇಸ್ ಕದ್ದದ್ದು, ಅಂದರೆ ಚೆಂಡು ಹೊಡೆಯುವುದನ್ನು ಕಾಯದೆ ಮುಂದಿನ ಬೇಸ್‌ಗೆ ಓಡಿ ತಲುಪಿದ್ದು. ಕ್ಯಾಚರ್‌ಗಳಲ್ಲಿ ಅದಕ್ಕೂ ಮೊದಲು ಒಂದೇ ವರ್ಷ ಎರಡರಲ್ಲೂ 20 ಮುಟ್ಟಿದ್ದು ಒಬ್ಬನೇ, 1999ರಲ್ಲಿ ಇವಾನ್ ರೊಡ್ರಿಗಸ್. ಅದೇ 2022ರ ಅಂತಿಮ ಸರಣಿ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ ಐದು ರನ್ ಹಿಂದಿದ್ದ ನಿಮ್ಮ ತಂಡವನ್ನು ಹತ್ತನೇ ಇನಿಂಗ್ಸ್‌ನಲ್ಲಿ ಗೆಲ್ಲಿಸಿದ ಹೋಮ್ ರನ್ ಯಾರದು? ಆಗ ನೀವೂ ಸೋಫಾದಿಂದ ಎದ್ದು ಕುಣಿದಿರಬೇಕು. 2021ರಲ್ಲಿ ಐದು ವರ್ಷಕ್ಕೆ ಕೊಟ್ಟ 11.55 ಕೋಟಿ ಡಾಲರ್ ಆ ರಾತ್ರಿ ಜಾಸ್ತಿ ಅನ್ನಿಸಿತ್ತೇ?

ಇನ್ನು ಯಂತ್ರದ ಮಾತು. ಅಂಪೈರ್‌ನ ಸ್ಟ್ರೈಕ್ ತೀರ್ಮಾನ ಪ್ರಶ್ನಿಸಲು ತಂಡಕ್ಕೆ ಶುರುವಿನಲ್ಲಿ ಸಿಗುವುದು ಎರಡೇ ಅವಕಾಶ. ಕೇಳಬಹುದಾದವರು ಮೂವರೇ: ಬ್ಯಾಟರ್, ಪಿಚರ್, ಕ್ಯಾಚರ್. ಚೆಂಡು ಎಲ್ಲಿ ಹಾದುಹೋಯಿತು ಎಂದು ಚೆನ್ನಾಗಿ ಗೊತ್ತಿರುವುದು ಯಾರಿಗೆ? ಅಂಚಿನ ಚೆಂಡನ್ನು ನಾಜೂಕಾಗಿ ಹಿಡಿದು ಅಂಪೈರ್‌ನನ್ನು ನಂಬಿಸುವ ಕಲೆಗೆ ಬೆಲೆ ಕಡಿಮೆಯಾಗಬಹುದು, ನಿಜ. ಆದರೆ ಅನುಭವ ಇರುವ ಕಣ್ಣಿನ ಬೆಲೆ ಏರುತ್ತದೆ.

ನಿಮ್ಮಂಥ ಲೆಕ್ಕಾಚಾರದವರಿಗೆ ಬಾಸ್ಟನ್ ಕಥೆ ಹೇಳಲೇಬೇಕು. 1980ರ ಡಿಸೆಂಬರ್‌ನಲ್ಲಿ ಕ್ಯಾಚರ್ ಕಾರ್ಲ್‌ಟನ್ ಫಿಸ್ಕ್‌ಗೆ ಕಳಿಸಬೇಕಿದ್ದ ಒಪ್ಪಂದ ಪತ್ರವನ್ನು ಅಲ್ಲಿನ ರೆಡ್ ಸಾಕ್ಸ್ ತಂಡದ ಕಚೇರಿ ಗಡುವು ಮುಗಿದ ಮೇಲೆ ಅಂಚೆಗೆ ಹಾಕಿತು. ಫಿಸ್ಕ್ ಫ್ರೀ ಏಜೆಂಟ್ ಆದ, ಷಿಕಾಗೊ ವೈಟ್ ಸಾಕ್ಸ್ ಸೇರಿದ. ವಯಸ್ಸು 33. ಹೊಸ ತಂಡದೊಂದಿಗೆ ಮೊದಲ ಪಂದ್ಯ ಬಾಸ್ಟನ್‌ನಲ್ಲೇ. ಎಂಟನೇ ಇನಿಂಗ್ಸ್‌ನಲ್ಲಿ ಮೂರು ರನ್ನಿನ ಹೋಮ್ ರನ್ ಹೊಡೆದು ಹಳೇ ತಂಡವನ್ನು ಸೋಲಿಸಿದ. ಹಳೇ ನಂಬರ್ 27, ಹೊಸದು 72. ಆಡಿದ್ದು 1993ರವರೆಗೆ, 45 ವಯಸ್ಸಿನ ತನಕ. ಆ ಮಂಡಿ ಯಾವ ಮರದ್ದೋ!

ಕೀಪರ್‌ನನ್ನು ಮರೆಯುವುದರಲ್ಲಿ ನಾವೂ ಹಿಂದೆ ಬಿದ್ದಿಲ್ಲ ಬಿಡಿ. 1983ರಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಹೊಡೆದ 175 ಎಲ್ಲರ ಬಾಯಲ್ಲಿದೆ. ಆ ತುದಿಯಲ್ಲಿ ಔಟಾಗದೆ ನಿಂತ ನಮ್ಮ ಕೀಪರ್ ಕಿರ್ಮಾನಿಯ 24 ಎಷ್ಟು ಜನಕ್ಕೆ ನೆನಪಿದೆ? ಇಬ್ಬರೂ ಸೇರಿ 126 ರನ್ ಕೂಡಿಸಿದ್ದರು.

ಇಷ್ಟು ಬಿಸಿಯಾಗಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಇದು ಬೇಸ್‌ಬಾಲ್ ಮಾತಷ್ಟೇ ಅಲ್ಲ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಪತ್ರಿಕೆಯಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದರು. ಮೂಲೆಯ ಮೇಜು, ಕೆಂಪು ಪೆನ್ನು, ಎರಡು ಸಲ ಕಾಯಿಸಿದ ಟೀ. ವಯಸ್ಸಾಯಿತು, ಕಂಪ್ಯೂಟರ್ ತಿದ್ದುತ್ತದೆ ಎಂದು ಅವರನ್ನು ಕಳಿಸಿಬಿಟ್ಟರು. ಉಳಿದ ಸಂಬಳದಲ್ಲಿ ಒಬ್ಬ ಹೆಸರಾಂತ ಅಂಕಣಕಾರರು ಬಂದರು. ನಿಮ್ಮ ‘ಒಳ್ಳೆಯ ಬ್ಯಾಟರ್’ ಅಂದುಕೊಳ್ಳಿ. ಎರಡನೇ ವಾರವೇ ಮುಖಪುಟದಲ್ಲಿ ‘ಮಂತ್ರಿ’ ಇರಬೇಕಾದಲ್ಲಿ ‘ಮಂಕ್ರಿ’ ಎಂದು ಅಚ್ಚಾಯಿತು. ಫೋನ್ ಎತ್ತಿ ಬೈಸಿಕೊಂಡವನು ನಾನು.

ಹಾಗಾಗಿ ಸಹಿ ಹಾಕಿಸಲಿ. ಐದು ವರ್ಷ ಬೇಡ, ಎರಡೋ ಮೂರೋ ಸಾಕು. ವಾರಕ್ಕೆರಡು ದಿನ ಮಂಡಿಗೆ ವಿಶ್ರಾಂತಿ ಕೊಡಲಿ, ಜೊತೆಗೊಬ್ಬ ಹುಡುಗನನ್ನು ತಯಾರು ಮಾಡಲಿ. ಬ್ಯಾಟರ್ ಮುಂದಿನ ವರ್ಷವೂ ಸಿಗುತ್ತಾನೆ.

ಅಂದ ಹಾಗೆ, ನಿಮ್ಮ ಪತ್ರದಲ್ಲಿ ‘ಫಿಲಡೆಲ್ಫಿಯಾ’ ಮೂರು ಕಡೆ ಮೂರು ಥರ ಇತ್ತು. ತಿದ್ದಿದ್ದು ನಾನಲ್ಲ. ಆ ಹಿರಿಯರು ಈಗ ನಮ್ಮಲ್ಲಿದ್ದಾರೆ. 71 ವರ್ಷ.